ಸಾಕ್ಷಿ ಹೇಳೋದು ಅಂದ್ರೆ

ನಮ್ಮೂರ ಕಡೆ 'ಸಾಕ್ಷಿ' ಅನ್ನೋ ಶಬ್ದ ಕೇಳಿದರೆ ಜನ ಒಂದು ಹೆಜ್ಜೆ ಹಿಂದೆ ಸರೀತಾರೆ. ಹೊಲದ ಬದುವಿನ ಜಗಳ, ಬಾವಿ ನೀರಿನ ಪಾಳಿ, ಅಥಣಿ ಕೋರ್ಟು, ತಾರೀಖಿನ ಮೇಲೆ ತಾರೀಖು. ಸಾಕ್ಷಿ ಹೇಳಿದವನಿಗೆ ಕೊನೆಗೆ ಎರಡೂ ಕಡೆಯವರು ವೈರಿಗಳಾಗ್ತಾರೆ. ಬೆಂಗಳೂರಿನಲ್ಲಿ ನಾನು ಹೋಗೋ ಚರ್ಚಿನಲ್ಲಿ ಅದೇ ಶಬ್ದ ಪ್ರತಿ ಭಾನುವಾರ ಚಪ್ಪಾಳೆಯ ಜೊತೆ ಬರುತ್ತೆ. ಯಾರೋ ಒಬ್ಬರು ಮುಂದೆ ಬಂದು ಮೈಕ್ ಹಿಡಿದು, ದೇವರು ತಮ್ಮ ಬದುಕಿನಲ್ಲಿ ಏನು ಮಾಡಿದ ಅಂತ ಹೇಳ್ತಾರೆ. ಅದಕ್ಕೂ ಸಾಕ್ಷಿ ಅಂತಲೇ ಹೆಸರು.

ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳಿಬಿಡ್ತೀನಿ. ಮತ್ತಾಯನ ಸುವಾರ್ತೆ ಮುಗಿಯೋದೇ ಒಂದು ಆಜ್ಞೆಯಿಂದ. ಸತ್ತು ಎದ್ದ ಯೇಸು ಗಲಿಲಾಯದ ಒಂದು ಬೆಟ್ಟದ ಮೇಲೆ ತನ್ನ ಹನ್ನೊಂದು ಜನ ಶಿಷ್ಯರಿಗೆ, ಎಲ್ಲ ಜನಾಂಗಗಳ ಹತ್ತಿರ ಹೋಗಿ ಅಂತ ಹೇಳಿ ಕಳಿಸ್ತಾನೆ. ಹಾಗಾಗಿ ಕ್ರೈಸ್ತನಾದವನಿಗೆ ಇದು ಹವ್ಯಾಸ ಅಲ್ಲ. ಇಷ್ಟ ಇದ್ದರೆ ಮಾಡು, ಇಲ್ಲದಿದ್ದರೆ ಬಿಡು ಅನ್ನೋ ಹಾಗಿಲ್ಲ. ಅಫೀಸು, ಅಪಾರ್ಟ್‌ಮೆಂಟು, ಮೆಟ್ರೋ, ಎಲ್ಲಿದ್ದರೂ ಈ ಆಜ್ಞೆ ಬೆನ್ನಿಗೇ ಇರುತ್ತೆ.

ತೊಂದರೆ ಏನಂದ್ರೆ, ನಮ್ಮ ಗುಂಪಿನಲ್ಲಿ ಯಾರೋ ಉತ್ಸಾಹಿಗಳು ಇದಕ್ಕೊಂದು ಗೂಗಲ್ ಫಾರ್ಮ್ ಮಾಡಿದ್ದಾರೆ. ಪ್ರತಿ ಶನಿವಾರ ರಾತ್ರಿ ವಾಟ್ಸಾಪಿನಲ್ಲಿ ಲಿಂಕ್ ಬರುತ್ತೆ. ಈ ವಾರ ಎಷ್ಟು ಜನರಿಗೆ ಸುವಾರ್ತೆ ಹೇಳಿದಿರಿ? ಎಷ್ಟು ಜನ ಆಸಕ್ತಿ ತೋರಿಸಿದರು? ವಾರವಿಡೀ ಟಿಕೆಟ್ಟು, ಸ್ಪ್ರಿಂಟು, ಟಾರ್ಗೆಟ್ಟು ಅಂತ ಸಾಯುವವನಿಗೆ ಭಾನುವಾರವೂ ಡ್ಯಾಶ್‌ಬೋರ್ಡು! ನಾನು ಆ ಕಾಲಮ್ಮನ್ನು ಖಾಲಿ ಬಿಡ್ತೀನಿ. ಸೋಮಾರಿತನದಿಂದಲ್ಲ, ನಾಚಿಕೆಯಿಂದಲೂ ಅಲ್ಲ. ಕೋರ್ಟಿನ ಸಾಕ್ಷಿ ಮತ್ತು ವಕೀಲ ಬೇರೆ ಬೇರೆ ಅನ್ನೋದು ನಮ್ಮೂರಿನ ಯಾರಿಗೆ ಕೇಳಿದರೂ ಗೊತ್ತು. ಕೇಸ್ ಗೆಲ್ಲೋದು ವಕೀಲನ ಕೆಲಸ. ಸಾಕ್ಷಿಯ ಕೆಲಸ ಕಂಡದ್ದು ಹೇಳೋದು, ಕೇಳಿದಾಗ ಹೇಳೋದು, ಕಂಡದ್ದಕ್ಕಿಂತ ಹೆಚ್ಚು ಹೇಳದೇ ಇರೋದು. ಪೇತ್ರನ ಮೊದಲ ಪತ್ರದ ಮೂರನೇ ಅಧ್ಯಾಯದಲ್ಲೂ ಹೆಚ್ಚುಕಡಿಮೆ ಇದೇ ಇದೆ: ನಿಮ್ಮ ನಿರೀಕ್ಷೆಗೆ ಕಾರಣ ಏನು ಅಂತ ಯಾರಾದರೂ ಕೇಳಿದರೆ ಉತ್ತರ ಕೊಡೋಕೆ ತಯಾರಿರಿ, ಆದರೆ ಮೆತ್ತಗೆ, ಮರ್ಯಾದೆಯಿಂದ. ಅಂದರೆ ಮೊದಲು ಯಾರಾದರೂ ಕೇಳಬೇಕು. ಕೇಳಬೇಕು ಅನ್ನಿಸೋ ಹಾಗೆ ನಾವು ಬದುಕಿರಬೇಕು. ಅದು ಫಾರ್ಮ್ ತುಂಬೋದಕ್ಕಿಂತ ಬಹಳ ಕಷ್ಟದ ಕೆಲಸ.

ನಮ್ಮ ಊರು ಮೊದಲು ಅಥಣಿ ತಾಲ್ಲೂಕಿನಲ್ಲಿತ್ತು, ಈಗ ಕಾಗವಾಡ ತಾಲ್ಲೂಕಿನಲ್ಲಿದೆ. ಕೃಷ್ಣಾ ನದಿ, ಕಬ್ಬು, ಉಗಾರದ ಸಕ್ಕರೆ ಫ್ಯಾಕ್ಟರಿಯ ಮಳ್ಳಿ ವಾಸನೆ. ಊರಲ್ಲಿ ಜೈನರು, ಲಿಂಗಾಯತರು, ಮುಸಲ್ಮಾನರು, ಧನಗರರು, ಕೇರಿಯಲ್ಲಿ ನಾವು. ಕ್ರೈಸ್ತರ ಮನೆಗಳು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಇಡೀ ಕರ್ನಾಟಕದಲ್ಲೇ 2011ರ ಜನಗಣತಿ ಪ್ರಕಾರ ಕ್ರೈಸ್ತರು ನೂರಕ್ಕೆ ಎರಡಕ್ಕಿಂತ ಕಡಿಮೆ. ಅದರಲ್ಲೂ ಹೆಚ್ಚಿನವರು ಮಂಗಳೂರು, ಬೆಂಗಳೂರು ಕಡೆಯವರು. ಅಫೀಸಿನಲ್ಲಿ ನಾನು ಕ್ರಿಶ್ಚಿಯನ್ ಅಂದ ತಕ್ಷಣ "ಮಂಗಳೂರಾ? ಗೋವಾ?" ಅಂತಾರೆ. ಕಾಗವಾಡ ಅಂದರೆ ಮುಂದಿನ ಪ್ರಶ್ನೆ ಬರಲ್ಲ, ಮ್ಯಾಪ್ ತೆಗೀತಾರೆ. ಮನೆಯಲ್ಲಿ ಮಾತು ಕನ್ನಡ, ಹಾಡು ಅರ್ಧ ಮರಾಠಿ. ನಾರಾಯಣ ವಾಮನ ಟಿಳಕರ ಭಕ್ತಿಗೀತೆಗಳನ್ನು ಅವ್ವ ಅಡುಗೆ ಮಾಡ್ತಾ ಗುನುಗ್ತಾಳೆ. ಅವು ಮರಾಠಿ ಅನ್ನೋದೂ ಅವಳ ಲಕ್ಷ್ಯಕ್ಕೆ ಬಂದ ಹಾಗಿಲ್ಲ.

ನಮ್ಮ ಮನೆಗೆ ಈ ನಂಬಿಕೆ ಬಂದದ್ದು ಮಿರಜದಿಂದ. ಜಿಲ್ಲಾ ಕೇಂದ್ರ ಬೆಳಗಾವಿ ನಮಗೆ ನೂರು ಕಿಲೋಮೀಟರಿಗೂ ದೂರ. ಮಿರಜ ಬೇರೆ ರಾಜ್ಯ, ಆದರೆ ಬಸ್ಸಿನಲ್ಲಿ ಅರ್ಧ ಗಂಟೆ. ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳ ಸ್ಟೇಷನ್ನುಗಳಲ್ಲಿ ಹತ್ತುವ ಪ್ಯಾಸೆಂಜರುಗಳಲ್ಲಿ ಅರ್ಧ ಜನ ಕೈಯಲ್ಲಿ ಎಕ್ಸ್‌ರೇ ಕವರ್ ಹಿಡಿದಿರ್ತಾರೆ. ಅವರೆಲ್ಲ ಮಿರಜದ ದವಾಖಾನಿಗೆ ಹೊರಟವರು. ಮಿರಜ ಹಾಗೆ ದವಾಖಾನಿಗಳ ಊರಾಗಿದ್ದಕ್ಕೆ ಒಬ್ಬ ಮನುಷ್ಯ ಕಾರಣ: ವಿಲಿಯಂ ಜೇಮ್ಸ್ ವಾನ್‌ಲೆಸ್. ಕೆನಡಾದಲ್ಲಿ ಹುಟ್ಟಿದ ಡಾಕ್ಟರು, ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನಿಂದ 1889ರಲ್ಲಿ ಈ ಕಡೆ ಬಂದು ಮೊದಲು ಸಾಂಗಲಿಯಲ್ಲಿದ್ದರು. ಆಗ ಮಿರಜ ಪಟವರ್ಧನರ ಸಂಸ್ಥಾನ. ಅಲ್ಲಿ 1894ರಲ್ಲಿ ಮಿಷನ್ ಆಸ್ಪತ್ರೆ ಶುರುವಾಯಿತು. ಆಮೇಲೆ ಈ ಕಡೆಯ ಹುಡುಗರಿಗೆ ವೈದ್ಯಕೀಯ ಕಲಿಸುವ ಶಾಲೆ, ಕುಷ್ಠರೋಗಿಗಳಿಗೆ ಆಶ್ರಯ, ಕ್ಷಯರೋಗಿಗಳಿಗೆ ಸ್ಯಾನಿಟೋರಿಯಂ. ಸ್ಯಾನಿಟೋರಿಯಂ ಇದ್ದ ಜಾಗಕ್ಕೆ ಇವತ್ತಿಗೂ ವಾನ್‌ಲೆಸ್‌ವಾಡಿ ಅಂತಲೇ ಹೆಸರು. (1894 ನಮಗೆ ಇನ್ನೊಂದು ಕಾರಣಕ್ಕೂ ಮುಖ್ಯ. ಅದೇ ವರ್ಷ ಮಂಗಳೂರಿನಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾಯಿತು. ಇಬ್ಬರೂ ಸುವಾರ್ತೆ ಹೇಳೋಕೆ ಅಂತ ಹಡಗು ಹತ್ತಿದವರು. ಒಬ್ಬರು ಕಣ್ಣಿನ ಪೊರೆ ತೆಗೆಯುತ್ತ ಉಳಿದರು, ಇನ್ನೊಬ್ಬರು ಕನ್ನಡದ ಶಬ್ದ ಹೆಕ್ಕುತ್ತ ಉಳಿದರು.)

ನಮ್ಮ ಅಜ್ಜ ಮಿರಜಕ್ಕೆ ಹೋದದ್ದು ಸ್ವಾತಂತ್ರ್ಯ ಬಂದು ಕೆಲವು ವರ್ಷಗಳ ಮೇಲೆ. ವಾನ್‌ಲೆಸ್ ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು. ಗೌಡರ ಗಾಣದಲ್ಲಿ ಕಬ್ಬು ತುರುಕುವಾಗ ಅಜ್ಜನ ಬಲಗೈ ಸಿಕ್ಕಿತು. ಚಕ್ಕಡಿಯಲ್ಲಿ ಸ್ಟೇಷನ್, ಅಲ್ಲಿಂದ ಮಿರಜ. ಎರಡು ಬೆರಳು ಹೋದವು, ಕೈ ಉಳಿಯಿತು. ಅಜ್ಜ ಕೈಯ ಕಥೆ ಹೆಚ್ಚು ಹೇಳ್ತಿರಲಿಲ್ಲ. ಅವನು ಮತ್ತೆ ಮತ್ತೆ ಹೇಳ್ತಿದ್ದದ್ದು ನೀರಿನ ಕಥೆ. ವಾರ್ಡಿನಲ್ಲಿ ಒಬ್ಬ ನರ್ಸ್ ದಿನಾ ಬೆಳಿಗ್ಗೆ ಅವನ ಮುಖ ತೊಳೆದು, ಅವನ ತಲೆಗೆ ಕೈಕೊಟ್ಟು ಎತ್ತಿ ನೀರು ಕುಡಿಸ್ತಿದ್ದಳಂತೆ. ಊರಲ್ಲಿ ಮೇಲಿನಿಂದ ಬೊಗಸೆಗೆ ಸುರಿದ ನೀರನ್ನಷ್ಟೇ ಕುಡಿದಿದ್ದ ಮನುಷ್ಯ ಅವನು. ನಾಲ್ಕನೇ ದಿನಕ್ಕೋ ಐದನೇ ದಿನಕ್ಕೋ ಅವನೇ ಕೇಳಿದನಂತೆ, "ನೀವು ನನ್ನ ಯಾಕ ಮುಟ್ಟತೀರಿ ಬಾಯಿ?" ಅವಳು ಏನು ಉತ್ತರ ಕೊಟ್ಟಳೋ ನನಗೆ ಗೊತ್ತಿಲ್ಲ. ಅಜ್ಜ ಅದನ್ನು ಒಂದೊಂದು ಸಲ ಒಂದೊಂದು ಥರ ಹೇಳ್ತಿದ್ದ. ಪ್ರಶ್ನೆ ಮಾತ್ರ ಯಾವತ್ತೂ ಬದಲಾಗಲಿಲ್ಲ.

ಇದನ್ನು ಒಮ್ಮೆ ಊಟದ ಟೇಬಲ್ಲಿನಲ್ಲಿ ಹೇಳಿದಾಗ ನನ್ನ ಸಹೋದ್ಯೋಗಿಯೊಬ್ಬ, ಒಳ್ಳೇ ಗೆಳೆಯನೇ, ನೇರವಾಗಿ ಕೇಳಿದ: "ಬೇಜಾರು ಮಾಡ್ಕೋಬೇಡ. ಆದ್ರೆ ಇದೇ ಅಲ್ವಾ ಜನ ಹೇಳೋದು? ಕಾಯಿಲೆ ಬಿದ್ದವನ ಹತ್ರ ಹೋಗಿ ಮತಾಂತರ ಮಾಡ್ತಾರೆ ಅಂತ?" ನನಗೆ ಬೇಜಾರಾಗಲಿಲ್ಲ. ಇದು ಕೇಳಲೇಬೇಕಾದ ಪ್ರಶ್ನೆ. ಸೇವೆ ಗಾಳದ ಹುಳ ಆಗಿದ್ದರೆ ಅದು ಸೇವೆ ಅಲ್ಲ, ಅದನ್ನು ಹಾಗೆ ಬಳಸುವವರೂ ಇದ್ದಾರೆ. ಆದರೆ ಗಾಳ ಹೌದೋ ಅಲ್ಲವೋ ಅಂತ ಪರೀಕ್ಷೆ ಮಾಡೋಕೆ ಒಂದು ಸುಲಭ ದಾರಿ ಇದೆ: ಬೇಡ ಅಂದವನಿಗೆ ಏನಾಯಿತು ನೋಡಬೇಕು. ನೂರಕ್ಕೂ ಹೆಚ್ಚು ವರ್ಷ ನಮ್ಮ ಐದೂ ತಾಲ್ಲೂಕಿನ ಜೈನರು, ಲಿಂಗಾಯತರು, ಮರಾಠರು, ಮುಸಲ್ಮಾನರು ಆ ಮಿಷನ್ ದವಾಖಾನಿಯಲ್ಲಿ ಹೆತ್ತರು, ಕಣ್ಣು ಮಾಡಿಸಿಕೊಂಡರು, ಹೊಟ್ಟೆ ಕೊಯ್ಯಿಸಿಕೊಂಡು ಹೊಲಿಸಿಕೊಂಡರು. ವಾಪಸ್ ಬಂದು ಬಸದಿಗೆ ಹೋದರು, ಮಾಯಕ್ಕನ ಜಾತ್ರೆಗೆ ಚಿಂಚಲಿಗೆ ಹೋದರು. ಮುಂದಿನ ವರ್ಷ ಮತ್ತೆ ಜಡ್ಡು ಬಂದಾಗ ಅದೇ ಬಾಗಿಲಿಗೆ ಹೋದರು. ಯಾರೂ ನೀನ್ಯಾಕೆ ಇನ್ನೂ ಹಾಗೇ ಇದ್ದೀ ಅಂತ ಕೇಳಲಿಲ್ಲ.

ಇದೇ ಮಾತು 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲೂ ಬಂದಿತ್ತು. ಧರ್ಮವನ್ನು ಪಾಲಿಸುವ ಹಕ್ಕಿನ ಜೊತೆ 'ಪ್ರಚಾರ' ಮಾಡುವ ಹಕ್ಕೂ ಇರಬೇಕಾ ಅಂತ ದೊಡ್ಡ ಚರ್ಚೆ. ಲೋಕನಾಥ ಮಿಶ್ರಾ ಅದನ್ನು ಕಟುವಾಗಿ ವಿರೋಧಿಸಿದರು. ಟಿ.ಟಿ. ಕೃಷ್ಣಮಾಚಾರಿ ಎದ್ದು ನಿಂತು, ತಾವು ಸುಮಾರು ಹದಿನಾಲ್ಕು ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿದ್ದಾಗಿಯೂ ತಮ್ಮನ್ನು ಮತಾಂತರ ಮಾಡುವ ಪ್ರಯತ್ನ ಯಾರೂ ಮಾಡಲಿಲ್ಲವೆಂದೂ ಹೇಳಿದರು. ಶಬ್ದ ಉಳಿಯಿತು, ಇವತ್ತಿನ 25ನೇ ವಿಧಿಯಲ್ಲಿದೆ. ಆಮೇಲೆ 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಅಲ್ಲ ಅಂದಿತು. ವಕೀಲ ಮಿತ್ರರು ಈ ತೀರ್ಪನ್ನು ಬಹಳ ಟೀಕಿಸ್ತಾರೆ. ಒಬ್ಬ ನಂಬಿಗಸ್ತನಾಗಿ ನನಗೆ ಅದರ ಆ ಒಂದು ಸಾಲಿನ ಬಗ್ಗೆ ಅಷ್ಟೊಂದು ತಕರಾರಿಲ್ಲ. ಇನ್ನೊಬ್ಬನ ಮನಸ್ಸು ತಿರುಗಿಸೋದು ನನ್ನ ಹಕ್ಕೂ ಅಲ್ಲ, ನನ್ನ ಕೈಯಲ್ಲೂ ಇಲ್ಲ.

ಆಮಿಷದ ಲೆಕ್ಕವನ್ನೂ ಹೇಳಿಬಿಡ್ತೀನಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಇದೆ. ಕ್ರೈಸ್ತರಾದವರಿಗೆ ಇಲ್ಲ. ಕೇರಿ ಅದೇ, ಮನೆ ಅದೇ, ಬೇರೆ ಇಡೋ ಕಪ್ಪೂ ಅದೇ, ಕಾಗದದ ಮೇಲೆ ಮಾತ್ರ ನಾವು ಬೇರೆ. ಅಜ್ಜ ನಂಬಿಕೆಯಿಂದ ಗಳಿಸಿದ್ದನ್ನು ನಾನು ಎಣಿಸಲಾರೆ, ಬಿಟ್ಟುಕೊಟ್ಟದ್ದನ್ನು ಮಾತ್ರ ಎಕ್ಸೆಲ್ ಶೀಟಿನಲ್ಲಿ ತೋರಿಸಬಲ್ಲೆ.

ಇನ್ನೊಂದು ಮಾತು. ನಂಬಿಕೆಯನ್ನು ಇನ್ನೊಬ್ಬರ ಮುಂದೆ ಹಿಡಿಯೋದು ನಮ್ಮ ಸೀಮೆಗೆ ಮಿಷನ್ನಿನವರು ಕಲಿಸಿದ್ದಲ್ಲ. ಭೋಜದ ಆಚಾರ್ಯ ಶಾಂತಿಸಾಗರರು, ಶೇಡಬಾಳದ ಆಚಾರ್ಯ ವಿದ್ಯಾನಂದರು, ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು, ಮೂವರೂ ಈ ಸೀಮೆಯ ಹೊಲಗದ್ದೆಗಳಿಂದ ಎದ್ದು ದೇಶ ತುಂಬ ನಡೆದವರು. ದಿಗಂಬರ ಮುನಿಗಳು ಊರಿಗೆ ಬಂದರೆ ನಾವು ಹುಡುಗರು ಜಾತಿ ನೋಡದೆ ರಸ್ತೆ ಬದಿ ನಿಂತು ನೋಡ್ತಿದ್ವಿ. ಕೈಯಲ್ಲಿ ನವಿಲುಗರಿಯ ಪಿಂಛಿ, ಕಮಂಡಲು. ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡು, ಅಂಗೈಯಲ್ಲಿ ಆಹಾರ. ಬನ್ನಿ, ಜೈನರಾಗಿ ಅಂತ ಅವರು ಯಾರನ್ನೂ ಕರೆದದ್ದು ನಾನು ಕೇಳಿಲ್ಲ. ಆದರೆ ಅವರು ಹೋದ ಮೇಲೆ ವಾರಗಟ್ಟಲೆ ಊರು ಅದನ್ನೇ ಮಾತಾಡೋದು: ಒಂದು ಹೊತ್ತು ಉಂಡು ಹೆಂಗ ನಡೀತಾರ? ಚಳಿ ಆಗೂದಿಲ್ಲೇನು? ಅವ್ವ ಒಮ್ಮೆ ಅಂದಿದ್ದಳು, "ನೋಡು ತಮ್ಮಾ, ಅವರು ಬಾಯಿ ಬಿಚ್ಚಲಾರದ ಊರ ಮಂದಿ ಬಾಯಿ ಬಿಚ್ಚಿಸಿದ್ರು." ಬೆಂಗಳೂರಿನ ಯಾವ ಸುವಾರ್ತಾ ಸೆಮಿನಾರಿನಲ್ಲೂ ಇದಕ್ಕಿಂತ ಒಳ್ಳೇ ಮಾತು ನಾನು ಕೇಳಿಲ್ಲ.

ಅವ್ವನ ರೀತಿ ಬೇರೆ ಇರಲಿಲ್ಲ. ಮೂವತ್ತೈದು, ನಲವತ್ತು ವರ್ಷದಿಂದ ಊರಲ್ಲಿ ಯಾರಿಗೆ ಜಡ್ಡಾದರೂ ಅವಳು ಹೋಗ್ತಾಳೆ. ಗಂಜಿ ಕಾಯಿಸ್ತಾಳೆ, ಹಾಸಿಗೆ ಹಿಂಡಿ ಹಾಕ್ತಾಳೆ, ರಾತ್ರಿ ಕಾಯ್ತಾಳೆ. ಕೈಚೀಲದಲ್ಲಿ ಝಿಪ್ಪಿನ ಕವರು ಹಾಕಿದ ಕರಿ ಬೈಬಲ್ಲು. ಹೋಗುವಾಗ ಒಂದೇ ಪ್ರಶ್ನೆ: "ಪ್ರಾರ್ಥನಿ ಮಾಡ್ಲೇನ್ರಿ?" ಹೂಂ ಅಂದರೆ ಮಾಡ್ತಾಳೆ, ಬ್ಯಾಡ ಅಂದರೆ "ಆತ್ರಿ, ನಾಳಿ ಬರ್ತೇನಿ" ಅಂತಾಳೆ. ನಾಳೆ ಬಂದೇ ಬರ್ತಾಳೆ. ಗೌಡರ ಮನೆಯಲ್ಲಿ ಮೊದಲ ಎಷ್ಟೋ ವರ್ಷ ಅವಳು ಹೊಸ್ತಿಲ ಹೊರಗೇ ಕೂತವಳು. ಗೌಡಶಾನಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಾಗ ಸೊಸೆಯಂದಿರು ಪುಣೆ, ಬೆಳಗಾವಿ. ಎತ್ತಿ ಕೂಡಿಸೋಕೆ ಒಂದು ಗಟ್ಟಿ ಕೈ ಬೇಕಿತ್ತು. ಅವ್ವ ಹೊಸ್ತಿಲು ದಾಟಿದ್ದು ಆಗ. ಯಾರೂ ಅದನ್ನು ಘೋಷಣೆ ಮಾಡಲಿಲ್ಲ, ಯಾರೂ ತಡೆಯಲೂ ಇಲ್ಲ.

2021ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನದಲ್ಲಿ ಮತಾಂತರ ವಿರೋಧಿ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು. ಮರುವರ್ಷ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರಿನಲ್ಲಿ ಕಾಯ್ದೆ. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ನಡುವಿನ ಆ ಒಂದೂವರೆ ವರ್ಷ ನಮ್ಮಂಥ ಮನೆಗಳಲ್ಲಿ ಹೇಗಿತ್ತು ಅನ್ನೋದು ಪೇಪರಿನಲ್ಲಿ ಬರಲಿಲ್ಲ. ಅಪ್ಪ ಬಾಗಿಲ ಮೇಲಿನ ಶಿಲುಬೆಯ ಸ್ಟಿಕರ್ ತೆಗೆದು ಒಳಗಿನ ಕೋಣೆಗೆ ಅಂಟಿಸಿದ. ಊರಿನ ಹುಡುಗರ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ, ಕೇರಿಯ ಹೆಂಗಸೊಬ್ಬಳು ಮನೆಮನೆಗೆ ಯಾಕೆ ಹೋಗ್ತಾಳೆ ಅಂತ ಹಾಕಿದ. ನಾನು ಮಸೂದೆಯ ಪಿಡಿಎಫ್ ತೆಗೆದು ಫೋನಿನಲ್ಲಿ ಅವ್ವನಿಗೆ ಓದಿ ಹೇಳಿದೆ. ರಕ್ತಸಂಬಂಧಿಗಳಷ್ಟೇ ಅಲ್ಲ, ಜೊತೆಗೆ ಕೆಲಸ ಮಾಡುವವರೂ ದೂರು ಕೊಡಬಹುದು. ತಪ್ಪು ಮಾಡಿಲ್ಲ ಅಂತ ತೋರಿಸುವ ಹೊಣೆ ಆರೋಪಿಯದೇ.

"ಆಮಿಷ ಅಂದ್ರ ಏನಪಾ?"

"ಆಸೆ ತೋರಿಸೋದವ್ವಾ. ಉಡುಗೊರೆ, ರೊಕ್ಕ, ಪುಕ್ಕಟೆ ಶಾಲೆ..."

"ಗಂಜಿ?"

ಏನು ಹೇಳೋದು? ಅಪ್ಪ ಪಕ್ಕದಿಂದ, ಹೋಗೂದಾ ಬ್ಯಾಡ ಬಿಡು ಅಂತ ಕೂಗ್ತಿದ್ದ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಕಿ ಒಬ್ಬಾಕಿನ ಏಳಾಕ ಆಗೂದಿಲ್ಲ" ಅಂದಳು. ಮರುದಿನವೂ ಹೋದಳು. ಬೈಬಲ್ಲು ಮಾತ್ರ ಮನೆಯಲ್ಲಿ ಬಿಟ್ಟು ಹೋದಳು.

ಮೂರು ದಿನ ನಡೆಯಿತು. ನಾಲ್ಕನೇ ದಿನ ಗೌಡಶಾನಿಯೇ ಕೇಳಿದಳು, "ಯಾಕ್ವಾ, ಪುಸ್ತಕ ಎಲ್ಲೈತಿ?"

"ಮನ್ಯಾಗ ಬಿಟ್ಟ ಬಂದೇನ್ರಿ ಎವ್ವಾ. ಈಗ ಕಾಯ್ದೆ ಆಗೇತಂತ."

"ಕಾಯ್ದೆ ನಿನಗ ಆಗಿರಬೇಕು, ನನಗಂತೂ ಆಗಿಲ್ಲ. ಕೇಳಾಕಿ ನಾನು. ಹೋಗಿ ತಗೊಂಡ ಬಾ, ಆ ಕುರಿ ಕಾಯೂದ ಓದು."

ಅವಳು ಕೇಳಿದ್ದು ಇಪ್ಪತ್ತಮೂರನೇ ಕೀರ್ತನೆ. ಅವಳ ತವರಿನವರು ಕುರಿ ಸಾಕಿದವರಂತೆ, ಅದಕ್ಕೇ ಅದು ಇಷ್ಟ. ಕೊರಳಲ್ಲಿ ಇಷ್ಟಲಿಂಗ, ಹಣೆಯಲ್ಲಿ ವಿಭೂತಿ, ಕಿವಿಯಲ್ಲಿ ದಾವೀದನ ಕೀರ್ತನೆ. ಒಂದು ವರ್ಷದ ಮೇಲೆ ತೀರಿಕೊಂಡಳು. ಅಯ್ಯನವರು ಬಂದು ಲಿಂಗಾಯತ ಪದ್ಧತಿಯಂತೆ ಕೂಡಿಸಿ ಮಣ್ಣು ಮಾಡಿದರು. ಅವ್ವ ಹಿಂದಿನ ಸಾಲಿನಲ್ಲಿ ನಿಂತು ಅತ್ತು ಬಂದಳು. ನಮ್ಮ ಗುಂಪಿನ ಫಾರ್ಮಿನ ಪ್ರಕಾರ ಇಷ್ಟು ವರ್ಷಗಳ ಫಲಿತಾಂಶ ಸೊನ್ನೆ. ಆ ಫಾರ್ಮಿನ ಮೇಲೆ ನನ್ನ ಸಿಟ್ಟು ಎಲ್ಲಿಂದ ಬರುತ್ತೆ ಅಂತ ಈಗ ನಿಮಗೆ ಗೊತ್ತಾಗಿರಬಹುದು.

ಅಫೀಸಿನಲ್ಲಿ ನಾನು ಪಾಲಿಸೋ ನಿಯಮ ಇಲ್ಲಿಂದಲೇ ಬಂದದ್ದು. ನಾನೀಗ ಒಂಬತ್ತು ಜನರ ಟೀಮಿನ ಲೀಡ್. ಅವರ ರೇಟಿಂಗ್ ಬರೆಯೋದು ನಾನು. ಅಂಥವರ ಹತ್ತಿರ ನಾನಾಗಿ ನಂಬಿಕೆಯ ಮಾತು ಎತ್ತೋದಿಲ್ಲ, ಕ್ರಿಸ್‌ಮಸ್‌ಗೆ ಚರ್ಚಿಗೆ ಬನ್ನಿ ಅಂತಲೂ ಕರೆಯೋದಿಲ್ಲ. ಯಾಕಂದ್ರೆ ಅವರು ಬೇಡ ಅನ್ನೋಕೆ ಮುಂಚೆ ಅಪ್ರೈಸಲ್ ನೆನಪಾಗುತ್ತೆ. ಗೌಡಶಾನಿ ಅವ್ವನಿಗೆ ಬೇಡ ಅನ್ನಬಹುದಿತ್ತು. ಊರಿನ ಅಧಿಕಾರವೆಲ್ಲ ಅವಳ ಕಡೆ ಇತ್ತು. ನನ್ನ ಟೀಮಿನಲ್ಲಿ ಲೆಕ್ಕ ತಿರುಗುಮುರುಗು. ಚರ್ಚಿನ ಕೆಲವರು ಇದನ್ನು ಹೇಡಿತನ ಅಂತಾರೆ. ಅನ್ನಲಿ.

ನಿಪ್ಪಾಣಿ ಕಡೆಯ ಒಬ್ಬ ಹುಡುಗ ನನ್ನ ಟೀಮಿನಲ್ಲಿದ್ದ. ಅವನ ಅಮ್ಮ ಬೀಡಿ ಕಟ್ಟಿ ಅವನನ್ನು ಓದಿಸಿದವಳು. ಎರಡು ವರ್ಷ ನಾವು ಡಿಪ್ಲಾಯ್‌ಮೆಂಟು, ಬಗ್ಗು, ನಿಪ್ಪಾಣಿಯ ಮಿಸಳ್ ಬಿಟ್ಟರೆ ಬೇರೆ ಮಾತಾಡಲಿಲ್ಲ. ಅವನ ಅಮ್ಮನಿಗೆ ಶ್ವಾಸಕೋಶದ ತೊಂದರೆ ಶುರುವಾದಾಗ ಅವನ ಆನ್‌ಕಾಲ್ ಪಾಳಿ ನಾನು ತಗೊಂಡೆ, ಅಷ್ಟೇ. ಆಮೇಲೆ ಅವನು ಬೇರೆ ಕಂಪನಿಗೆ ಹೋದ. ಹೋಗಿ ಐದು ತಿಂಗಳಾದ ಮೇಲೆ ಒಂದು ಸಂಜೆ ಫೋನ್ ಮಾಡಿ ಚಹಾಕ್ಕೆ ಕರೆದ. ಎರಡು ಗುಟುಕು ಆದ ಮೇಲೆ ಕೇಳಿದ, "ಅಣ್ಣಾ, ಅವಾಗ ರಿಲೀಸ್ ವಾರ ಇತ್ತು. ನಿಮ್ಮ ಮಗಳಿಗೂ ಆರಾಮ ಇದ್ದಿದ್ದಿಲ್ಲ. ಆದ್ರೂ ನನ್ನ ಪಾಳಿ ಯಾಕ ತಗೊಂಡ್ರಿ?"

ಈಗ ಕೇಳಿದ್ದ. ಈಗ ನಾನು ಅವನ ಲೀಡ್ ಅಲ್ಲ. ಅಜ್ಜನ ಕೈ, ಆ ನರ್ಸು, ನೀರು, ಅವ್ವ, ಗೌಡಶಾನಿ, ಎಲ್ಲ ಹೇಳಿದೆ. ಯೇಸುವಿನ ಹೆಸರನ್ನೂ ನುಂಗಲಿಲ್ಲ. ನನ್ನ ಮಟ್ಟಿಗೆ ಇದಕ್ಕೆಲ್ಲ ಬೇರು ಅವನೇ ಅಂತ ಹೇಳಿದೆ. ಅದನ್ನು ಬಚ್ಚಿಟ್ಟು ಬರೀ ಮಾನವೀಯತೆ ಅಂದಿದ್ದರೆ ಅದೂ ಸುಳ್ಳುಸಾಕ್ಷಿಯೇ. ಅವನು ಪೂರ್ತಿ ಕೇಳಿದ. "ನಮ್ಮ ಮನ್ಯಾಗ ವಿಠ್ಠಲ ಅದಾನಣ್ಣಾ" ಅಂದ. ಇರಲಿ ಅಂದೆ. ಇನ್ನೊಂದು ಚಹಾ ಹೇಳಿದ್ವಿ. ಏಳುವಾಗ, ರಸ್ತೆ ಕಡೆ ನೋಡ್ತಾ, "ನಿಮ್ಮ ಅವ್ವಗ ಹೇಳ್ರಿ, ನಮ್ಮ ಅವ್ವನ ಸಲುವಾಗಿ ಪ್ರಾರ್ಥನಿ ಮಾಡಾಕ" ಅಂದ.

ರಾತ್ರಿ ಊರಿಗೆ ಫೋನ್ ಮಾಡಿ ಹೇಳಿದೆ. ಅವ್ವ ಮೊದಲು ಕೇಳಿದ್ದು, "ಆಕಿ ಹೆಸರೇನಪಾ?" ಗೊತ್ತಿಲ್ಲ ಅಂದೆ. "ಹೆಸರಿಲ್ಲದ ಹೆಂಗ ಮಾಡ್ಲಿ? ಕೇಳಿ ಹೇಳು, ಎಚ್ಚರ ಇರ್ತೇನಿ" ಅಂದಳು. ಹತ್ತೂವರೆ ಆಗಿತ್ತು. ಹುಡುಗನಿಗೆ ಮೆಸೇಜ್ ಹಾಕಿದೆ. ಎರಡು ನಿಮಿಷದಲ್ಲಿ ಹೆಸರು ಬಂತು, ಅದರ ಕೆಳಗೆ ಇನ್ನೊಂದು ಸಾಲು: ಅವ್ವ ನಿಮ್ಮ ಅವ್ವನ ಹೆಸರೂ ಕೇಳಾಕತ್ತಾಳ.